ಬೀಗ ಹಾಕಿದ ಮನೆಯ ಲೆಕ್ಕ

ಎಣಿಕೆಗೆ ಸಿಗದ ಸ್ವಾಮಿಯೇ, ಎಣಿಸಲು ಹೊರಟ ಒಬ್ಬ ಪೆದ್ದನ ಕತೆ ಹೇಳುತ್ತೇನೆ. ನನ್ನ ನಾಲಿಗೆಯ ಮೇಲಿರು, ಕೇಳುವವರ ಬೆನ್ನ ಹಿಂದೆಯೂ ಇರು.

ನೀಲವ್ವನಿಗೆ ಒಬ್ಬನೇ ಮಗ, ಅಂದಾನಿ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವ. ಅವನು ಸೇರಿದ್ದು ಡೇಟಾ ಸೈನ್ಸ್ ಡಿಗ್ರಿಗೆ. ಲೆಕ್ಕ ಕೂಡಿಸಿ, ಕಾಣದ್ದನ್ನು ಕಾಣುವ ವಿದ್ಯೆಯಂತೆ. ಮಗ ಪಾಸಾಗುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ ಎಂದು ನೀಲವ್ವ ಹರಕೆ ಹೊತ್ತಿದ್ದಳು. ಹೊಸ ಜೋಡು ಅಟ್ಟದ ಮೇಲೆ ಕಾಯುತ್ತಿತ್ತು.

"ಕಾಲೇಜಿನ ಮೇಡಂ ಹೇಳಿದಂಗ ಮಾಡೋ ನನ್ನಪ್ಪಾ!" ಅಂದಳು.

ಕೊನೆಯ ವರ್ಷ ಮೇಡಂ ಹೇಳಿದರು: "ನಿಮ್ಮ ಓಣಿಯೊಳಗ ಮನಿಗೆ ಎಷ್ಟು ಮಂದಿ ಅದಾರ, ಕೇಳಿ ಬರಿ."

ಬರೆದ. ಒಂದು ಮನೆಗೆ ಬೀಗ. ಖಾಲಿ ಬಿಟ್ಟ. ಮೇಡಂ ಗದರಿದರು:

"ಖಾಲಿ ಬಿಡತಾರೇನೋ ಪೆದ್ದ! ಉತ್ತರ ಬರೋತನಕ ಬಾಗಿಲಾ ಬಡಿ!"

ಹೋದ. ಬಡಿದ. ಬಡಿದ, ಬಡಿದ, ಬಡಿದೇ ಬಡಿದ. ಬೀಗದ ಹಿಂದಿನಿಂದ ಮೆಲ್ಲಗೆ ಒಂದು ದನಿ: "ಮೂವರು."

ಯಾವ ಮನೆಯೆಂದು ತಿಳಿದು ಮೇಡಂ ಮುಖ ಬಿಳಿಚಿತು. "ಲೇ, ಆ ಮನಿಯವರು ಹಳ್ಳದಾಗ ಕೊಚ್ಚಿ ಹೋಗಿ ಎಷ್ಟೋ ವರ್ಷ ಆತು! ದನಿ ಕೇಳಿ ಬರೀತಾರೇನು? ಕಣ್ಣಿಲೆ ನೋಡಿ ಬರೀಬೇಕು!"

ಹೋದ. "ಹೊರಗ ಬರ್ರಿ, ಕಣ್ಣಿಲೆ ನೋಡಬೇಕಂತ!" ಎಂದು ಕೂಗಿದ. ಬೀಗ ತಾನಾಗಿ ಕಳಚಿ ಬಿತ್ತು. ಮೂವರು ಬಂದರು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೋಡಿದೆರೀ ಮೇಡಂ. ಮೂವರೇ!"

"ಸುಳ್ಳು ಸಾಕು! ಗುಂಪಿಗೆ ಹೊಂದದ್ದು ಏನರ ಕಂಡರ ತೆಗೆದು ಹೊರಗ ಹಾಕೋದು ಕಲಿ. ಇಲ್ಲಾಂದ್ರ ನಿನಗ ಡಿಗ್ರಿ ಇಲ್ಲ!"

ದೀಪ ಹಚ್ಚುವ ಹೊತ್ತಿಗೆ ಅಂದಾನಿ ಮನೆಗೆ ಬಂದ. ಪಡಸಾಲೆಯಲ್ಲಿ ಆ ಮೂವರೂ ಸಾಲಾಗಿ ಕೂತಿದ್ದರು. ಯಾರೋ ಬೀಗರೆಂದು ನೀಲವ್ವ ರೊಟ್ಟಿ ಬಡಿಸುತ್ತಿದ್ದಳು. ಗೋಡೆಯತ್ತ ನೋಡಿದವಳು ರೊಟ್ಟಿ ಬುಟ್ಟಿ ಕೆಳಗಿಟ್ಟಳು.

"ಅಂದಾನೀ... ಇವರ ನೆರಳು ಎಲ್ಲೋ?"

ಅಂದಾನಿ ಗೋಡೆ ನೋಡಿದ. ಮೂವರಿಗೆ ನೆರಳಿಲ್ಲ. ಒಬ್ಬಳಿಗೆ ಇದೆ. ಮೇಡಂ ಮಾತು ನೆನಪಾಯಿತು.

"ಯವ್ವಾ, ಗುಂಪಿಗೆ ಹೊಂದದಾಕಿ ನೀನ ನೋಡು!"

ಅವ್ವನನ್ನು ರಟ್ಟೆ ಹಿಡಿದು ಹೊರಗೆ ದಬ್ಬಿದ. ತಿರುಗಿ ನೋಡಿದರೆ ತನಗೂ ನೆರಳು! ತಾನೂ ಹೊರಬಿದ್ದು ಬಾಗಿಲು ಎಳೆದುಕೊಂಡ. ಒಳಗಿನಿಂದ ಅಗುಳಿ ಬಿದ್ದ ಸದ್ದು. ಜಾಣ ಮಗನಾಗಿದ್ದರೆ ಒಳಗೇ ನಿಂತು ವಾದಿಸುತ್ತಿದ್ದ. ಸ್ವಾಮಿ ಕಾಯುವ ಬಗೆ ಸ್ವಾಮಿಗೇ ಗೊತ್ತು. ತಾಯಿ ಮಗ ಗುಡಿಯ ಕಟ್ಟೆಯ ಮೇಲೆ ಮಲಗಿದರು.

ಬೆಳಗ್ಗೆ ಅಂದಾನಿ ಲೆಕ್ಕ ತಿದ್ದಿದ. ಬೀಗದ ಮನೆ: ಯಾರೂ ಇಲ್ಲ. ನಮ್ಮ ಮನೆ: ಮೂವರು.

"ಈಗ ಸರಿ ಆತು ನೋಡು!" ಅಂದರು ಮೇಡಂ. ಪಾಸು!

ನೀಲವ್ವ ಕಣ್ಣೊರೆಸಿಕೊಂಡಳು. "ಹರಕೆ ತೀರಿತಪ್ಪಾ. ಆದರ ನನ್ನ ಚಪ್ಪಲಿ ಒಳಗ ಉಳದಾವಲ್ಲೋ!"

ಅಂದಾನಿ ಹೋದ. ಉತ್ತರ ಬರುವ ತನಕ ತನ್ನ ಮನೆಯ ಬಾಗಿಲನ್ನೇ ಬಡಿದ. ಒಳಗಿನಿಂದ ಮೆಲ್ಲಗೆ ದನಿ:

"ಯಾರು? ಇಲ್ಲಿ ನಾವು ಮೂವರೇ ಇರೋದು."

ಅಂದಾನಿ ಕುಣಿದಾಡುತ್ತ ಓಡಿ ಬಂದ. "ಯವ್ವಾ! ಲೆಕ್ಕ ಖರೇ ಐತಿ!"

ನೀಲವ್ವ ಇಂದಿಗೂ ಬರಿಗಾಲು.

ಕೇಳಿದವರಿಗೆಲ್ಲ ಶಿವ ಒಳಿತು ಮಾಡಲಿ. ನಿಮ್ಮ ಮನೆಯ ತಾಟುಗಳಲ್ಲಿ ಒಂದೂ ಕಮ್ಮಿಯಾಗದಿರಲಿ, ಒಂದೂ ಹೆಚ್ಚಾಗದಿರಲಿ.