ತೂಗುವ ಕೈ

"ಕೇಳಿರಿ, ಕಿರುಗೋಡಿನ ಪ್ರಜೆಗಳೇ! ಅರಮನೆಯ ಕಣಜ ಸುಗ್ಗಿಗೆ ಮೊದಲೇ ಬರಿದಾಗುತ್ತಿದೆ. ಅದರ ಗುಟ್ಟು ರಾಜಕುಮಾರಿ ಚಂದಲೆಯ ಮೂರು ಒಗಟುಗಳಲ್ಲಿದೆ. ಬಿಡಿಸಿದವರು ಕೇಳಿದ್ದನ್ನು ಕೊಡುತ್ತೇವೆ. ತಪ್ಪಿದವರ ತಲೆ ಉಳಿಯದು. ಇದು ಬಂಕರಸರ ಅಪ್ಪಣೆ!"

ಡಂಗುರ ಕೇಳಿ, ಹಗ್ಗ ಹೊಸೆಯುತ್ತಿದ್ದ ಕೊಟ್ರ ನಾರನ್ನು ಕೆಳಗಿಟ್ಟ. ಕಣಜ ತುಂಬಿದರೇನು, ಬರಿದಾದರೇನು, ಅವನಿಗೆ ಬೇಕಾದದ್ದು ಅವ್ವ. ಅವನು ಚಿಕ್ಕವನಿದ್ದಾಗಲೇ ಅವಳನ್ನು ಅರಮನೆಯ ಚಾಕರಿಗೆ ಎಳೆದೊಯ್ದಿದ್ದರು. ಮೊಲೆ ಬಿಡದ ತಂಗಿ ಅತ್ತು ಅತ್ತು ಸೊರಗಿ ಸತ್ತಳು. ಮಣ್ಣಿಗೂ ಅವ್ವನನ್ನು ಕಳಿಸಲಿಲ್ಲ. ಸೂತಕದ ಕೈ ಅವಳ ಕೆಲಸಕ್ಕೆ ಆಗದಂತೆ. ಎಂಥ ಜನವೋ!

ಕೊಟ್ರ ಅರಮನೆಗೆ ಹೋದ. ಮಂತ್ರಿ ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಅರಮನೆಯ ಖರ್ಚು ಇಳಿಸಿದ್ದ. ಗುಡಿ ಮುಂದಿನ ಗಂಜಿ ನಿಲ್ಲಿಸಿದ್ದ, ಕಸ ಗುಡಿಸುವವರನ್ನು ಓಡಿಸಿದ್ದ. ಕಣಜ ಮಾತ್ರ ಇಳಿಯುತ್ತಲೇ ಇತ್ತು.

ಕೊಟ್ರನಿಗಿಂತ ಮುಂದೆ ದಂಡನಾಯಕನ ಮಗ ನಿಂತಿದ್ದ. ಚಂದಲೆ ಕೇಳಿದಳು: "ದಿನವೂ ಕಾಯುತ್ತದೆ, ಯಾರ ಬಾಯಿಗೂ ಬೀಳುವುದಿಲ್ಲ. ಆದರೂ ಅದಕ್ಕೆ ಕಾವಲಿದೆ. ಏನದು?"

"ಸ್ನಾನದ ನೀರು!"

"ಸ್ನಾನದ ನೀರಿಗೆ ಯಾರು ಕಾವಲಿಡುತ್ತಾರೆ?" ಎಂದಳು. ಭಟರು ಅವನನ್ನು ಸೆರೆಗೆ ತಳ್ಳಿದರು. ಸುಗ್ಗಿಯ ಹಬ್ಬ ಕಳೆದ ಮೇಲೆ ತಲೆ ಹೋಗುವುದಿತ್ತು.

ಆಮೇಲೆ ಬಂದ ವರ್ತಕ ಜಾಣ, ಮೊದಲನೆಯದು ಆಮೇಲಿರಲಿ ಎಂದು ಎರಡನೆಯ ಒಗಟನ್ನು ಮೊದಲು ಕೇಳಿಸಿಕೊಂಡ. "ಹಗಲೂ ಇರುಳೂ ನಡೆಯುತ್ತದೆ, ಒಂದು ಗೇಣೂ ಮುಂದೆ ಹೋಗುವುದಿಲ್ಲ. ಏನದು?"

"ಗಾಣದ ಎತ್ತು ತಾಯಿ!"

"ಗಾಣದಿಂದ ಎಣ್ಣೆಯಾದರೂ ಬರುತ್ತದೆ. ಇದರಿಂದ ಏನೂ ಬರುವುದಿಲ್ಲ." ಅವನೂ ಸೆರೆಮನೆಗೆ ಹೋದ.

ಕೊಟ್ರ ಕೈ ಮುಗಿದ. "ಮೊದಲನೇದು ಹಾಲ್ರೀ ತಾಯಿ. ಮುಂಜಾನಿ ಕಾಸ್ತಾರ, ಸಂಜಿಗೆ ಚೆಲ್ತಾರ. ಬೆಕ್ಕು ಮುಟ್ಟಬಾರದಂತ ಒಬ್ಬ ಕಾವಲುಗಾರ. ಅವನ ಮ್ಯಾಲೊಬ್ಬ ಅಧಿಕಾರಿ, ಆ ಅಧಿಕಾರಿಗೆ ಆಳು, ಕುದುರಿ. ಎರಡನೇದು ಆ ಹಾಲಿನ ಮುಂದಿರೋ ತೊಟ್ಟಿಲು. ಅದಕ್ಕ ಹಗ್ಗ ಕೊಡಾಂವ ನಾನು, ತೂಗಾಕಿ ನಮ್ಮವ್ವ. ಜೋಗುಳದವರು, ವೈದ್ಯರು, ಹೂವಿನವರು, ಎಲ್ಲಾರೂ ಅದರ ಸುತ್ತ ಕುಂತು ಉಣ್ತಾರ."

ಚಂದಲೆ ಮೂರನೆಯದನ್ನು ಕೇಳಿದಳು: "ಇದೆಲ್ಲ ನಿಲ್ಲಲು ಒಂದೇ ಮಾತು ಸಾಕು. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಯಾವುದದು?"

ಕೊಟ್ರ ಅರಸನ ಕಡೆ ತಿರುಗಿ ಹೇಳಿದ. "ಪ್ರಭುಗಳೇ, ಕೂಸು ಸತ್ತದ."

ಬಂಕರಸ ಕತ್ತಿಗೆ ಕೈ ಹಾಕಿದ. ಚಂದಲೆ ಓಡಿ ಬಂದು ಆ ಕೈ ಹಿಡಿದಳು. "ಅಪ್ಪಾ, ನನ್ನ ತಮ್ಮ ತೀರಿಕೊಂಡ ದಿನ ನೀವು ಹೇಳಿದಿರಿ, ಮಗ ಮಲಗಿದ್ದಾನೆ, ತೊಟ್ಟಿಲು ನಿಲ್ಲಬಾರದು ಅಂತ. ಬೇಡ ಅನ್ನಲು ಯಾರಿಗೂ ಧೈರ್ಯ ಬರಲಿಲ್ಲ. ನನಗೂ ಬರಲಿಲ್ಲ, ಅದಕ್ಕೇ ಒಗಟು ಮಾಡಿದೆ."

ಅರಸ ಎದ್ದು ತೊಟ್ಟಿಲಿನ ಕೋಣೆಗೆ ನಡೆದ. ಹಗ್ಗವನ್ನು ತಾನೇ ಹಿಡಿದು ನಿಲ್ಲಿಸಿದ. ಒಳಗೆ ಮಡಿಸಿಟ್ಟ ಕೂಸಿನ ಕುಲಾವಿ ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ವರ್ಷ ಅಳದವನು ಅಂದು ತೊಟ್ಟಿಲ ಮೇಲೆ ತಲೆಯಿಟ್ಟು ಅತ್ತ.

ಮರುದಿನದಿಂದ ಹಾಲು ಊರ ಮಕ್ಕಳಿಗೆ ಹೋಯಿತು, ಗಂಜಿಯ ಒಲೆ ಮತ್ತೆ ಹೊತ್ತಿತು. ಸೆರೆಯವರನ್ನು ಬಿಟ್ಟರು. "ಏನು ಬೇಕು ಕೇಳಪ್ಪ" ಎಂದ ಅರಸ.

"ನಮ್ಮವ್ವ ಬೇಕ್ರೀ."

ಅವ್ವ ಮನೆಗೆ ಬಂದಳು. ಗೋಡೆಗೆ ಒರಗಿ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಬಲಗೈ ಬರಿಗಾಳಿಯಲ್ಲಿ ಹಿಂದೆ ಮುಂದೆ ಆಡತೊಡಗಿತು.

ಕೊಟ್ರ ಕೈ ಹಿಡಿದ. "ಸಾಕವ್ವ, ಅರಸರ ತೊಟ್ಟಿಲು ನಿಂತದ."

"ಅರಸರದಲ್ಲೋ ಮಗಾ," ಎಂದಳು ಅವ್ವ. "ನಮ್ಮ ಕೂಸಿಂದು. ಇದನ್ನ ತೂಗಾಕ ನನಗ ಬಿಡುವಾಗಿರ್ಲಿಲ್ಲ. ಮೆಲ್ಲಗ ಮಾತಾಡು, ಎದ್ದೀತು."

ಅರಸನಿಗೆ ಹೇಳಿದ ಮಾತನ್ನು ಅವ್ವನಿಗೆ ಹೇಳಲು ಕೊಟ್ರನಿಗೆ ಬಾಯಿ ಬರಲಿಲ್ಲ. ಹಿಡಿದ ಕೈ ಬಿಟ್ಟು, ಪಕ್ಕದಲ್ಲಿ ಕೂತ.