ಸಾಲುಗೆರೆಯ ಗುಮಾನಿ ಬಂಡೆ

ಸಾಲುಗೆರೆಯ ಕೆರೆಗೆ ಹೋದವರು ಏರಿ ಹತ್ತಿ, ನೀರು ನೋಡಿ, ತಣ್ಣನೆ ಗಾಳಿ ಕುಡಿದು ಬಂದುಬಿಡುತ್ತಾರೆ. ಏರಿಯ ಹಿಂಬದಿಗೆ, ಗದ್ದೆಬಯಲಿನ ನಡುವೆ ಇರುವ ಒಂಟಿ ಬಂಡೆಯತ್ತ ತಿರುಗಿಯೂ ನೋಡುವುದಿಲ್ಲ. ಅದರ ಮೇಲೆ ಗುಡಿಯಿಲ್ಲ, ಶಾಸನವಿಲ್ಲ, ದೇವರ ಪಾದವೂ ಇಲ್ಲ. ಊರವರು ಅದನ್ನು ಗುಮಾನಿ ಬಂಡೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಕುಂಪಣಿ ಸರ್ಕಾರದ ಕಾಲದ ಒಂದು ಬೇಸಿಗೆಯಲ್ಲಿ, ಹಾರ್ಲೆ ಎಂಬ ಇಂಗ್ಲಿಷ್ ಚಿತ್ರಕಾರ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದನಂತೆ. ನೀರಿನಲ್ಲಿ ಕದಡಿದ ಬಣ್ಣದಿಂದ ಕಾಗದದ ಮೇಲೆ ಕೋಟೆ, ಕೆರೆ, ಗುಡಿಗಳನ್ನು ಬರೆಯುತ್ತ ಹತ್ತು ವರ್ಷ ನಾಡು ಸುತ್ತಿದವನು. ಅರೆಬರೆ ಕನ್ನಡವೂ ಬರುತ್ತಿತ್ತು. ಬಂಡೆಯ ಮೇಲೆ ಕೊಡೆ ಬಿಚ್ಚಿ ಕೂತು ಏರಿಯನ್ನೇ ನೋಡತೊಡಗಿದ. ಏರಿ ಕಾಯುತ್ತ, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿ ಕಾಟಯ್ಯನಿಗೆ ಅಂದೇ ನಿದ್ದೆ ಹಾರಿಹೋಯಿತು. ಕೆಲಸವಿಲ್ಲದೆ ಯಾವ ದೊರೆ ಬಿಸಿಲಲ್ಲಿ ಕೂರುತ್ತಾನೆ? ಇದು ಏರಿ ಒಡೆಸುವ ಹುನ್ನಾರವೇ ಸರಿ ಎಂದುಕೊಂಡ. ಅವನಿಗೆ ಯಾರೂ ಹಾಲು ಕೊಡಬೇಡಿ ಎಂದು ಮನೆಮನೆಗೂ ಹೇಳಿ ಬಂದು, ದೊರೆಯ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತ. ಎರಡು ದಿನ ಅವನ ಕೈಯ ಮೇಲಿಟ್ಟ ಕಣ್ಣನ್ನು ಬೇರೆಲ್ಲಿಗೂ ಹೊರಳಿಸಲಿಲ್ಲ. ಕುಂಚ ತೊಳೆದು ಚೆಲ್ಲಿದ ನೀರನ್ನೂ ಮೂಸಿ ನೋಡಿದನಂತೆ, ಪುಣ್ಯಾತ್ಮ.

ಮೂರನೆಯ ದಿನ ಚಿತ್ರ ಮುಗಿಯುತ್ತ ಬಂತು. ಒಣಗಿ ಕಂದಿದ ಏರಿ, ಅದರ ಪೊದೆಗಳು, ಎಲ್ಲ ಇದ್ದ ಹಾಗೇ. ಆದರೆ ಏರಿಯ ಬುಡದಲ್ಲಿ ಒಂದು ಎಳೆ ಹಸಿರು. ಕಾಟಯ್ಯ ದಡಕ್ಕನೆ ಎದ್ದು ನಿಂತ. ಒಡೆಯುವ ಜಾಗಕ್ಕೆ ಗುರುತು ಹಾಕಿದ್ದಾನೆ!

“ಇಲ್ದಿರೋ ಹಸ್ರು ಯಾಕೆ ಬಳಿದ್ರಿ, ದೊರೆ?” ಎಂದ.

“ಇದೆ. ನೋಡು,” ಎಂದು ಹಾರ್ಲೆ ಕುಂಚದ ಹಿಡಿಯಿಂದ ತೋರಿಸಿದ.

ಸುಳ್ಳು ಹಿಡಿಯಲೆಂದೇ ಕಾಟಯ್ಯ ಕತ್ತೆತ್ತಿದ. ಹಸಿರು ಇತ್ತು. ಓಡಿಹೋಗಿ ಪೊದೆ ಕಡಿದು ಕಾಲಿಟ್ಟರೆ ಮೊಣಕಾಲುದ್ದ ತಣ್ಣನೆ ಕೆಸರು. ನೀರು ಒಳಗೊಳಗೇ ಜಿನುಗಿ ಏರಿ ಟೊಳ್ಳಾಗುತ್ತಿತ್ತು. ಮಳೆಗಾಲದಲ್ಲಿ ಕೆರೆ ತುಂಬಿದ್ದರೆ ಊರೇ ಕೊಚ್ಚಿಹೋಗುತ್ತಿತ್ತು. ಜನವೆಲ್ಲ ಕಲ್ಲುಮಣ್ಣು ಹೊತ್ತು ಆ ಟೊಳ್ಳು ಮುಚ್ಚಿದರು. ಆ ಗಡಿಬಿಡಿಯಲ್ಲಿ ದೊರೆ ಗಾಡಿ ಹೂಡಿಸಿಕೊಂಡು ಹೋದದ್ದು ಯಾರಿಗೂ ತಿಳಿಯಲಿಲ್ಲ. ಅವನಿಗೆ ಹಾಲು ತಪ್ಪಿಸಿದ್ದಕ್ಕೆ ಕಾಟಯ್ಯ ಬಹಳ ನೊಂದ.

“ಇಪ್ಪತ್ತು ವರ್ಷ ಈ ಏರಿ ಮ್ಯಾಲೆ ಓಡಾಡಿವ್ನಿ. ಒಂದ್ ದಿನ ದೂರ ಕೂತು ನೋಡ್ಲಿಲ್ಲ,” ಎಂದು ಊರವರ ಮುಂದೆ ಒಪ್ಪಿಕೊಂಡನಂತೆ. ಬಂಡೆಗೆ ಆ ಹೆಸರು ನಿಂತದ್ದು ಅಂದಿನಿಂದ.

ಇಂದಿಗೂ ಮುಂಗಾರಿಗೆ ಮುನ್ನ ಹೋದವರಿಗೆ ಬಂಡೆಯ ಮೇಲೆ ಒಬ್ಬ ಮನುಷ್ಯ ಕಾಣುತ್ತಾನೆ. ಅವನು ಕಾಟಯ್ಯನ ವಂಶದ ನೀರುಗಂಟಿ. ಒಂದಿಡೀ ಹಗಲು ಅಲ್ಲಿ ಕೂತು ಏರಿಯನ್ನು ದಿಟ್ಟಿಸುವುದು ಆ ಮನೆಯ ಕಟ್ಟಳೆ. ಏರಿ ಗಟ್ಟಿಯಾಗೇ ಇದೆಯಲ್ಲಪ್ಪ ಎಂದರೆ ತಲೆ ತಿರುಗಿಸದೆ ಹೇಳುತ್ತಾನೆ: “ನನ್ ಕಣ್ಣಿಗೂ ಹಂಗೇ ಕಾಣ್ತದೆ, ಸಾಮಿ. ಅದ್ಕೇ ಗುಮಾನಿ.”