ಹುಲಿಗೆಮ್ಮನ ಮೇಲ್ಮನವಿ

ನದಿದಂಡೆಯ ಆಶ್ರಮದಲ್ಲಿ ಗವಿಸಿದ್ದಯ್ಯ ಎಂಬ ಗುರುಗಳಿದ್ದರು. ಹಳಗನ್ನಡ ಕಾವ್ಯ ಕಲಿಯಬೇಕೆಂದು ಬಂದವರಿಗೆ ಬೇವಿನ ಕಟ್ಟೆಯ ಮೇಲೆ ಕೂತು ಪಾಠ ಹೇಳುತ್ತಿದ್ದರು. ಯಾರ ಮಕ್ಕಳು, ಯಾವ ಓಣಿಯವರು ಎಂದು ಕೇಳುತ್ತಿರಲಿಲ್ಲ.

ಅವರ ಶಿಷ್ಯೆ ಹುಲಿಗೆಮ್ಮ, ಹರಿಗೋಲು ನಡೆಸುವ ಅಂಬಿಗನ ಮಗಳು. ಹನ್ನೆರಡನೇ ವಯಸ್ಸಿಗೆ ಆ ಕಟ್ಟೆ ಹತ್ತಿದವಳು ಈಗ ಎಂ.ಎ. ಮುಗಿಸಿದ್ದಳು.

ಅಂಬಿಗರು ನೀರು ನೋಡಿ ದಾರಿ ಹೇಗೆ ತಿಳಿಯುತ್ತಾರೆ ಎಂಬುದನ್ನು ಸಂಶೋಧನೆ ಮಾಡಬೇಕೆಂದು ಅವಳ ಆಸೆ. ಅದಕ್ಕೆ ಸರ್ಕಾರದ ವಿದ್ಯಾರ್ಥಿವೇತನ ಬೇಕು. ಅದು ಸಿಕ್ಕರೆ ವಿಶ್ವವಿದ್ಯಾಲಯ, ಸಿಗದಿದ್ದರೆ ಓದು ಅಲ್ಲಿಗೇ ಮುಗಿಯಿತು.

ಅರ್ಜಿ ಹಾಕುವುದೆಂದರೆ ಸುಲಭದ ಮಾತೇ? ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಮಾರ್ಗದರ್ಶಕರ ಒಪ್ಪಿಗೆ ಪತ್ರ, ಒಂದೊಂದಕ್ಕೂ ಒಬ್ಬ ಸಾಹೇಬರ ಸಹಿ. ಸಾಹೇಬರು ಮೀಟಿಂಗಿನಲ್ಲಿದ್ದರೆ ನಾಳೆ ಬಾ. ನಾಳೆ ಹೋದರೆ ಸರ್ವರ್ ಡೌನ್. ತಾನು ಬಡವಳೆಂದು ತೋರಿಸಿಕೊಡಲು ಬಡವಳಿಗೆ ನಾಲ್ಕು ತಿಂಗಳು ಹಿಡಿಯಿತು.

ಇಷ್ಟಾದ ಮೇಲೆ ಸಂದರ್ಶನ. ಸಂದರ್ಶನವಾಗಿ ತಿಂಗಳಿಗೆ ಒಂದು ಹಾಳೆ ಬಂತು. ಅದನ್ನು ತಂದು ಅವಳು ಗುರುಗಳ ಮುಂದಿಟ್ಟಳು.

"ಆಗಲಿಲ್ರಿ ಅಜ್ಜಾರ."

"ಕಾರಣ?"

"ಬರದಾರ್ರಿ." ಅವಳೇ ಓದಿದಳು. "ಅಭ್ಯರ್ಥಿಗೆ ವಿಷಯದ ಪ್ರಾಥಮಿಕ ತಿಳಿವಳಿಕೆಯೂ ಇರುವುದಿಲ್ಲ."

ಗುರುಗಳು ಹುಬ್ಬು ಗಂಟಿಕ್ಕಿದರು.

"ನಿನಗ? ನೀರಿನ ತಿಳಿವಳಿಕಿ ಇಲ್ಲ? ಏನ್ ಕೇಳಿದ್ರು ಅಲ್ಲಿ?"

"ಕೇಳಲಿಲ್ರಿ, ಅವರ ಹೇಳಿದ್ರು. ಅಧ್ಯಕ್ಷರು ದೊಡ್ಡ ಪ್ರೊಫೆಸರು. ನೀರು ಎಲ್ಲಿ ನಿಂತಂಗ ಕಾಣತೈತಿ ಅಲ್ಲಿ ಹರಿಗೋಲು ಹಾಕಿದ್ರ ಆತು, ಅಪಾಯ ಇಲ್ಲ, ಇಷ್ಟಕ್ಕ ಸಂಶೋಧನೆ ಯಾಕ ಬೇಕು, ಹೌದಲ್ಲೇನಮ್ಮ, ಅಂದ್ರು."

"ನೀ ಏನಂದಿ?"

"ಹೌದ್ರಿ ಸರ್, ಅಂದೆ."

"ಅದು ಖರೇನು?"

"ಸುಳ್ಳ್ರಿ. ಪಕ್ಕದಾಗ ಕುಂತಿದ್ದ ಇನ್ನೊಬ್ಬರು, ನಿನ್ನ ಅರ್ಜ್ಯಾಗ ಇದರ ಉಲ್ಟಾ ಬರದೀಯಲ್ಲ, ಅಂದ್ರು."

"ಅದಕ್ಕ?"

ಹುಲಿಗೆಮ್ಮ ತಲೆ ತಗ್ಗಿಸಿದಳು.

"ತಪ್ಪಾತ್ರಿ ಸರ್, ಅಂದೆ."

ಗುರುಗಳ ಮುಖ ಕೆಂಪಾಯಿತು.

"ಹೋಗ್ಲಿ ಬಿಡ್ರಿ ಅಜ್ಜಾರ," ಎಂದಳು ಅವಳು. "ನನ್ನ ಹಣ್ಯಾಗ ಬರದಿಲ್ಲ."

ಆಗ ಅವರಿಗೆ ತಡೆಯಲಾಗಲಿಲ್ಲ. ದಡಕ್ಕನೆ ಎದ್ದು ಶಾಲನ್ನು ಹೆಗಲಿಗೆ ಹಾಕಿಕೊಂಡರು.

"ಹರಿಗೋಲು ತಗಿ."

ನದಿ ತುಂಬಿ ಹರಿಯುತ್ತಿತ್ತು. ಹುಲಿಗೆಮ್ಮ ಹುಟ್ಟು ಹಾಕುತ್ತಿದ್ದಳು, ಗುರುಗಳು ಎದುರಿಗೆ ಕೂತಿದ್ದರು. ನಡುನೀರಿಗೆ ಬಂದಾಗ ಅವರು ಒಂದು ದೊಡ್ಡ ಕಲ್ಲಿನತ್ತ ಕೈ ತೋರಿಸಿದರು.

"ಆ ಕಲ್ಲಿನ ಎಡಕ್ಕ ನಡಿ. ನೀರು ಹೆಂಗ ನಿಂತೈತಿ ನೋಡು."

"ಬ್ಯಾಡ್ರಿ ಅಜ್ಜಾರ."

"ನಾ ಹೇಳಾಕತ್ತೀನಿ."

"ನೀವು ಹೇಳಿದ್ರೂ ಬ್ಯಾಡ್ರಿ. ಮ್ಯಾಲಷ್ಟ ನಿಂತೈತಿ. ಅಡಿಯಾಗ ಕಲ್ಲಿನ ಸಂದಿಗೆ ಎಳಿತೈತಿ. ಅಲ್ಲಿ ಹೋದ ಹರಿಗೋಲು ಹೊರಗ ಬರೂದಿಲ್ಲ."

"ನಾ ನಿನ್ನ ಗುರು. ನಡಿ ಅಂದ್ರ ನಡಿಬೇಕು." ಅವರು ಎದ್ದು ನಿಲ್ಲಲು ಹೋದರು.

"ಗುರು ಆದ್ರೂ ಮುಳುಗತೀರಿ! ಅಲ್ಲಾಡಬ್ಯಾಡ್ರಿ, ಸುಮ್ನ ಕುಂದರ್ರಿ!"

ಅಷ್ಟು ದೊಡ್ಡ ದನಿಯಲ್ಲಿ ಅವಳು ಯಾರ ಮುಂದೆಯೂ ಮಾತಾಡಿದವಳಲ್ಲ. ಗುರುಗಳು ಕೂತರು. ಅವಳು ಹರಿಗೋಲು ತಿರುಗಿಸಿ ದಂಡೆಗೆ ತಂದಳು.

ದಂಡೆ ಮುಟ್ಟಿದರೂ ಗುರುಗಳು ಇಳಿಯಲಿಲ್ಲ.

"ಈ ಬಾಯಿ ಅಲ್ಲಿ ಎಲ್ಲಿ ಹೋಗಿತ್ತು?"

"ಇಲ್ಲಿ ಜೀವ ಹೋಗತಿತ್ರಿ."

"ಅಲ್ಲಿ ಏನ್ ಹೋತು?"

ಏನು ಹೋಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಿಂಗಳಿಂದ ಹೊಟ್ಟೆಯೊಳಗೆ ಅದುಮಿಟ್ಟುಕೊಂಡಿದ್ದ ಸಿಟ್ಟು ಈಗ ಗುರುಗಳ ಮೇಲೆಯೇ ತಿರುಗಿತು.

"ನೀವ ಕಲಿಸಿದ್ರಿ!" ಎಂದಳು. "ಹಿರಿಯರಿಗೆ ಎದುರು ಮಾತಾಡಬಾರದು ಅಂತ ಮೊದಲನೇ ದಿನಾನ ಕಲಿಸಿದ್ರಿ. ಅಲ್ಲಿ ಹೋಗಿ ಆ ಪಾಠ ಒಪ್ಪಿಸಿ ಬಂದೆ. ಈಗ ನನ್ನ ಮ್ಯಾಲ ಸಿಟ್ಟಾದ್ರ ನಾ ಏನ್ ಮಾಡ್ಲಿ?"

ಗುರುಗಳು ಕೇಳಿದರು.

"ಹುಲಿಗೆಮ್ಮಾ, ಈ ಹನ್ನೊಂದು ವರ್ಷದಾಗ ನಾ ಒಮ್ಮೆನೂ ತಪ್ಪು ಹೇಳಿಲ್ಲೇನು?"

ಅವಳು ತಡವರಿಸಿದಳು.

"ಹೇಳೀರಿ."

"ಎಷ್ಟು ಸಲ?"

"ಹದಿನೇಳು."

"ಎಣಿಸಿಟ್ಟೀಯೇನು?"

"ಬರದಿಟ್ಟೀನ್ರಿ." ಚೀಲದಿಂದ ನೋಟ್‌ಬುಕ್ ತೆಗೆದು ಕೊನೆಯ ಪುಟ ಬಿಚ್ಚಿದಳು. "ನನಗ ಮರೀಬಾರದಂತ."

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

"ಓದು."

ಅವಳು ಓದಿದಳು. ಗುರುಗಳು ಹರಿಗೋಲಿನ ಅಂಚು ಹಿಡಿದು ಕೇಳಿದರು. ಕೆಲವಕ್ಕೆ ತಲೆಯಾಡಿಸಿದರು, ಕೆಲವಕ್ಕೆ ಹಣೆ ಚಚ್ಚಿಕೊಂಡರು. ಒಂಬತ್ತನೆಯದಕ್ಕೆ ಬಂದಾಗ ರೇಗಿದರು.

"ಅದು ತಪ್ಪಲ್ಲ."

"ಅಂಬಿಗ ಹೊಳಿಗೆ ಅಡ್ಡ, ಆಚೆ ದಂಡಿಗೆ ನೆಟ್ಟಗ ಹೋದ ಅಂತ ಪದ್ಯಕ್ಕ ಅರ್ಥ ಹೇಳಿದ್ರಿ. ಯಾವ ಅಂಬಿಗನೂ ನೆಟ್ಟಗ ಹೋಗೂದಿಲ್ರಿ. ಮ್ಯಾಲಕ್ಕ ಹೋಗಿ, ನೀರಿನ ಜೋಡಿ ಇಳೀತಾನ."

"ಕವಿ ಹೇಳಿದ್ದನ್ನ ನಾ ಹೇಳೀನಿ."

"ಕವಿ ದಾಟಿದ ಅಂತಷ್ಟ ಹೇಳ್ಯಾನ್ರಿ. ನೆಟ್ಟಗ ಅಂದವರು ನೀವು."

"ತಪ್ಪಲ್ಲ ಅಂದೆ."

ರೂಢಿಯಂತೆ ಅವಳ ತಲೆ ಕೆಳಗಾಯಿತು. ಒಂದು ಕ್ಷಣ ಹಾಗೇ ಇದ್ದು, ಮತ್ತೆ ತಲೆ ಎತ್ತಿದಳು.

"ತಪ್ಪ್ರಿ ಅಜ್ಜಾರ."

ಗುರುಗಳು ಅವಳನ್ನೇ ನೋಡಿದರು. ಅವರಿಗೆ ಸಿಟ್ಟೋ ಸಂತೋಷವೋ ಅವಳಿಗೆ ತಿಳಿಯಲಿಲ್ಲ.

"ಉಳಿದದ್ದು ಓದು," ಎಂದರು. ಹದಿನೇಳೂ ಮುಗಿದ ಮೇಲೆ, "ಹದಿನೆಂಟು ಅಂತ ಹಾಕು. ಮೊದಲನೇ ದಿನದ ಪಾಠ. ಬರಕೋ," ಎಂದರು.

ಅವಳು ಬರೆದುಕೊಂಡಳು.

"ಮೇಲ್ಮನವಿಗೆ ಎಷ್ಟು ದಿನ ಕೊಟ್ಟಾರ?"

"ಹತ್ತು ದಿನ್ರಿ. ಹಾಳಿ ಬರೂದರಾಗ ಆರು ಹೋದ್ವು."

"ಬರಿ."

ಅವಳು ಕಟ್ಟೆಯ ಮೇಲೆ ಕೂತು ಬರೆದು ತಂದಳು. ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡಿದ್ದಕ್ಕೆ ಕ್ಷಮೆ ಕೋರಿ, ಬಡವಳಾದ ನಾನು ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ, ಎಂದು ಶುರುವಾಗಿತ್ತು. ಗುರುಗಳು ಅಷ್ಟೇ ಓದಿ ಹಾಳೆಯನ್ನು ನಾಲ್ಕು ಚೂರು ಮಾಡಿದರು.

"ಭಿಕ್ಷಾ ಬೇಡಾಕ ಹೊಂಟೀಯೇನು? ಸರ್ಕಾರ ಅದನ್ನ ಓದೂ ಮಕ್ಕಳಿಗಂತ ಇಟ್ಟೈತಿ. ಆ ಪ್ರೊಫೆಸರ್ ತನ್ನ ಮನಿಯಿಂದ ತಂದು ಕೊಡ್ತಾನೇನು? ನಿನಗ ಗೊತ್ತಿದ್ದದ್ದು ಬರಿ."

ಎರಡನೇ ಸಲ ಬರೆದದ್ದು ಅರ್ಧ ಪುಟ.

"ಅಧ್ಯಕ್ಷರು ಹೇಳಿದ್ದು ತಪ್ಪು. ತಪ್ಪೆಂದು ಗೊತ್ತಿದ್ದೂ ನಾನು ಹೌದೆಂದೆ, ಅದು ನನ್ನ ತಪ್ಪು. ಮೇಲೆ ನಿಂತಂತೆ ಕಂಡು ಅಡಿಯಲ್ಲಿ ಸೆಳೆಯುವ ಏಳು ಜಾಗಗಳು ನಮ್ಮ ಊರಿನ ಹತ್ತಿರವೇ ಇವೆ. ಅವುಗಳನ್ನು ಅಂಬಿಗರು ಹೇಗೆ ಗುರುತಿಸುತ್ತಾರೆಂದು ಅರ್ಜಿಯಲ್ಲಿ ಬರೆದಿದ್ದೇನೆ. ಸಮಿತಿಯವರು ಬಂದರೆ ಹರಿಗೋಲಿನಲ್ಲಿ ಕೂರಿಸಿಕೊಂಡು ಹೋಗಿ ದೂರದಿಂದ ತೋರಿಸುತ್ತೇನೆ. ನನ್ನನ್ನು ಮತ್ತೊಮ್ಮೆ ಸಂದರ್ಶನಕ್ಕೆ ಕರೆಯಬೇಕು."

ಗುರುಗಳು ಎರಡು ಸಲ ಓದಿದರು.

"ಸಹಿ ಮಾಡು."

ಮರುದಿನ ಬೆಳಿಗ್ಗೆ ಹುಲಿಗೆಮ್ಮ ಕಚೇರಿಗೆ ಹೊರಟಳು. ಗುರುಗಳು ಕೂತಿದ್ದ ಕಟ್ಟೆಯ ಹತ್ತಿರ ಬಂದು ನಿಂತಳು.

"ಬರೂ ವರ್ಷಾನೂ ಅವರ ಅಧ್ಯಕ್ಷರಂತ್ರಿ. ನನ್ನ ಮ್ಯಾಲ ಹಗಿ ಸಾಧಿಸಿದ್ರ?"

"ಸಾಧಿಸಲಿ."

"ಈ ಹುಡುಗಿ ಜಗಳಗಂಟಿ ಅಂತ ಎಲ್ಲಾ ಕಡೆ ಹೇಳಿದ್ರ?"

"ಹೇಳಲಿ. ಬಸ್ಸಿಗೆ ಹೊತ್ತಾತು."

ಅವಳು ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ಗುರುಗಳು ಕಾಲನ್ನು ಕಟ್ಟೆಯ ಮೇಲಕ್ಕೆ ಎಳೆದುಕೊಂಡರು. ಅವಳು ನಾಲ್ಕು ಹೆಜ್ಜೆ ನಡೆದು ಮತ್ತೆ ತಿರುಗಿ ಬಂದಳು.

"ಅಜ್ಜಾರ, ಇಷ್ಟೆಲ್ಲಾ ಮಾಡಿದ ಮ್ಯಾಲೂ ಅವರು ಇಲ್ಲ ಅಂದ್ರ?"

"ಅವರು ಇಲ್ಲ ಅನ್ನಲಿ. ನೀ ಹೌದು ಅನಬ್ಯಾಡ."